ಹಾಡಿಗೆ ಸಿಗದ ಸಂಸಾರ

ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಬರೆದ ಹಾಡುಗಳಲ್ಲಿ ಇಂಗ್ಲಿಷ್ ಅಷ್ಟಾಗಿ ಬಾರದವರ ಕಿವಿಗೂ ಬಿದ್ದಿರುವುದು ‘ಐ ವಿಲ್ ಆಲ್ವೇಸ್ ಲವ್ ಯೂ’. 1992ರಲ್ಲಿ ‘ದಿ ಬಾಡಿಗಾರ್ಡ್’ ಸಿನಿಮಾಕ್ಕೆ ವಿಟ್ನಿ ಹ್ಯೂಸ್ಟನ್ ಅದನ್ನು ಹಾಡಿದರು. ಅಲ್ಲಿಂದೀಚೆಗೆ ಮದುವೆಯ ಆರತಕ್ಷತೆಯಿಂದ ಹಿಡಿದು ಟಿವಿಯ ಹಾಡಿನ ಸ್ಪರ್ಧೆಯವರೆಗೆ ಅದು ಕೇಳಿಸದ ಜಾಗವಿಲ್ಲ. ಡಾಲಿ ಇದನ್ನು ಬರೆದದ್ದು 1973ರಲ್ಲಿ. ಆಗ ಆಕೆಗೆ ಇಪ್ಪತ್ತೇಳು ವರ್ಷ, ಮದುವೆಯಾಗಿ ಏಳು ವರ್ಷ. ಇಷ್ಟು ಮೆತ್ತಗಿನ ಮಾತು ಗಂಡನಿಗೇ ಹೇಳಿದ್ದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಅದು ಕೆಲಸ ಬಿಡುವಾಗ ಬರೆದ ಹಾಡು. ಪೋರ್ಟರ್ ವ್ಯಾಗನರ್ ಎಂಬ ಹಿರಿಯ ಗಾಯಕರು ತಮ್ಮ ಟಿವಿ ಕಾರ್ಯಕ್ರಮದಲ್ಲಿ ಡಾಲಿಗೆ ಜಾಗ ಕೊಟ್ಟು, ಮನೆಮನೆಗೂ ಆಕೆಯ ಹೆಸರು ಮುಟ್ಟಿಸಿದ್ದರು. 1967ರಿಂದ ಜೊತೆಗಿದ್ದ ಡಾಲಿ, ಇನ್ನು ನನ್ನ ದಾರಿ ನಾನು ನೋಡಿಕೊಳ್ಳುತ್ತೇನೆ ಎಂದಾಗ ಪೋರ್ಟರ್ ಒಪ್ಪಲಿಲ್ಲ. ದಿನವೂ ಜಟಾಪಟಿ. ವಾದ ಮಾಡಿ ಪ್ರಯೋಜನವಿಲ್ಲ ಎನ್ನಿಸಿದ ಒಂದು ರಾತ್ರಿ ಡಾಲಿ ಮನೆಗೆ ಹೋಗಿ ಈ ಹಾಡು ಬರೆದರು, ಮರುದಿನ ಅವರೆದುರೇ ಕೂತು ಹಾಡಿದರು. ಪೋರ್ಟರ್ ಅತ್ತುಬಿಟ್ಟರು, ಇದರ ರೆಕಾರ್ಡಿಂಗ್ ನನಗೇ ಬಿಡುವುದಾದರೆ ಹೊರಡು ಎಂದರು. ಇದನ್ನು ಡಾಲಿಯೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಮುಂದೆ 1979ರಲ್ಲಿ ಅದೇ ಪೋರ್ಟರ್ ಆಕೆಯ ಮೇಲೆ ಕೋರ್ಟಿಗೂ ಹೋದರು, ಆಮೇಲೆ ರಾಜಿಯೂ ಆಯಿತು. 2007ರಲ್ಲಿ ಅವರು ಸಾಯುವ ಮುಂಚೆ ಡಾಲಿ ಹೋಗಿ ನೋಡಿಕೊಂಡು ಬಂದರು.

ಗಂಡನ ಪಾಲಿಗೆ ಬಂದದ್ದು ‘ಜೋಲೀನ್’. ಎರಡೂ ಹಾಡು 1974ರ ಒಂದೇ ಆಲ್ಬಂನಲ್ಲಿವೆ. ತನಗಿಂತ ಚೆಲುವೆಯಾದ ಇನ್ನೊಬ್ಬಳ ಮುಂದೆ ಸೆರಗೊಡ್ಡಿ ಬೇಡುವ ಹೆಂಗಸಿನ ಹಾಡು ಅದು. ಹಾಡಿನ ಹಿಂದಿರುವ ಸಂಗತಿ ಮಾತ್ರ ಅಷ್ಟು ಘೋರವಾದದ್ದಲ್ಲ. ಮದುವೆಯಾದ ಹೊಸತರಲ್ಲಿ ಬ್ಯಾಂಕಿನ ಕೌಂಟರಿನಲ್ಲಿದ್ದ ಕೆಂಗೂದಲ ಹುಡುಗಿಯೊಬ್ಬಳು ಗಂಡ ಕಾರ್ಲ್ ಹೋದಾಗೆಲ್ಲ ಸ್ವಲ್ಪ ಹೆಚ್ಚೇ ನಕ್ಕು ಮಾತಾಡಿಸುತ್ತಿದ್ದಳಂತೆ. ಕಾರ್ಲ್‌ಗೂ ಅದು ಹಿತವೆನಿಸಿ ಬ್ಯಾಂಕಿಗೆ ಹೋಗುವುದು ಜಾಸ್ತಿಯಾಯಿತಂತೆ. ಅಷ್ಟು ಸಲ ಬ್ಯಾಂಕಿಗೆ ಹೋಗುವಷ್ಟು ದುಡ್ಡು ನಮ್ಮ ಹತ್ತಿರ ಎಲ್ಲಿತ್ತು ಎಂದು ಡಾಲಿ ಈ ಕತೆ ಹೇಳುವಾಗ ನಗಿಸುತ್ತಾರೆ. ಹೆಸರು ಆ ಹುಡುಗಿಯದೂ ಅಲ್ಲ. ಕಾರ್ಯಕ್ರಮ ಮುಗಿದ ಮೇಲೆ ಆಟೋಗ್ರಾಫ್ ಕೇಳಲು ಬಂದ ಪುಟ್ಟ ಮಗುವೊಂದರ ಹೆಸರು ಕಿವಿಗೆ ಇಂಪಾಯಿತೆಂದು ಎತ್ತಿಕೊಂಡದ್ದು.

ಈ ಎರಡು ಹಾಡನ್ನಷ್ಟೇ ಮುಂದಿಟ್ಟುಕೊಂಡು ಆ ಮನೆಯ ಲೆಕ್ಕ ಹಾಕಿದರೆ ಬರುವ ಉತ್ತರ ವಿಚಿತ್ರವಾದದ್ದು: ಕೆಲಸ ಕೊಟ್ಟವರ ಮೇಲೆ ಕೊನೆಯಿಲ್ಲದ ಅಕ್ಕರೆ, ಕಟ್ಟಿಕೊಂಡವನ ಮೇಲೆ ಅಂಜಿಕೆ. ಮದುವೆಯಾದರೋ ನಡೆದದ್ದು ಐವತ್ತೆಂಟು ವರ್ಷ ಒಂಬತ್ತು ತಿಂಗಳು. 2025ರ ಮಾರ್ಚ್ 3ರಂದು ಎಂಬತ್ತೆರಡರ ಕಾರ್ಲ್ ಡೀನ್ ತೀರಿಕೊಂಡಾಗ ಅದು ಮುಗಿಯಿತು.

ಬೆಳಗಿನ ಹೊತ್ತು ರೇಡಿಯೊ ಹಚ್ಚಿ ಪ್ರೇಮಗೀತೆ ಕೇಳುವ ನಮಗೆಲ್ಲ ಒಂದು ಅಭ್ಯಾಸವಿದೆ. ಹಾಡು ಇಷ್ಟು ಚೆನ್ನಾಗಿದೆ, ಬರೆದವರ ಮನೆಯೂ ಹೀಗೇ ಇದ್ದೀತು ಎಂದುಕೊಳ್ಳುತ್ತೇವೆ. ಮನೆ ಹಾಗಿರಲಿಲ್ಲ ಎಂದು ಆಮೇಲೆ ಗೊತ್ತಾದರೆ ಮೋಸ ಹೋದವರಂತೆ ಬೇಜಾರು ಪಡುತ್ತೇವೆ. ಹಾಡು ಬರೆಯುವವರು ನಮಗೆ ಕೊಟ್ಟ ಮಾತು ಹಾಡಿನದು, ಮನೆಯದಲ್ಲ. ಆದರೂ ನಮ್ಮ ಬೇಜಾರು ನಿಲ್ಲುವುದಿಲ್ಲ. ಡಾಲಿ ಮತ್ತು ಕಾರ್ಲ್ ಅವರ ಬದುಕನ್ನು ನೋಡುತ್ತಾ ನನಗೆ ಬಲವಾಗಿ ಅನ್ನಿಸಿದ್ದಿಷ್ಟು: ಆ ಸಂಸಾರ ಉಳಿದದ್ದು ಅದರ ಬಹುಪಾಲು ಹಾಡಿಗೆ ಸಿಗದೆ ಹೋದದ್ದರಿಂದ. ಇಬ್ಬರೂ ಸೇರಿ ಅದನ್ನು ಹಾಗೆ ಸಿಗದಂತೆ ಇಟ್ಟುಕೊಂಡರು.

1964ರಲ್ಲಿ ಹೈಸ್ಕೂಲ್ ಮುಗಿದ ಮರುದಿನವೇ ಹದಿನೆಂಟರ ಹುಡುಗಿ ಟೆನ್ನೆಸ್ಸೀಯ ಬೆಟ್ಟದ ಸೀಮೆಯಿಂದ ನ್ಯಾಶ್‌ವಿಲ್‌ಗೆ ಬಂದಿಳಿದಳು. ತಂದ ಬಟ್ಟೆಗಳೆಲ್ಲ ಕೊಳೆ. ಹೊರಡುವ ಅವಸರದಲ್ಲಿ ಒಗೆಯಲೂ ಪುರುಸೊತ್ತಿರಲಿಲ್ಲ. ‘ವಿಶಿ ವಾಶಿ’ ಎಂಬ ಲಾಂಡ್ರಿಗೆ ಹೋಗಿ, ಕಾಸು ಹಾಕಿದರೆ ತಿರುಗುವ ಮೆಷಿನ್ನಿಗೆ ಬಟ್ಟೆ ತುಂಬಿ, ಅದು ಒಗೆದು ಮುಗಿಸುವ ತನಕ ಹೊರಗೆ ಅಡ್ಡಾಡುತ್ತಿದ್ದಳು. ಟ್ರಕ್ಕಿನಲ್ಲಿ ಹೋಗುತ್ತಿದ್ದ ಇಪ್ಪತ್ತೊಂದರ ಯುವಕ ನಿಲ್ಲಿಸಿ, ಹೀಗೆ ನಿಂತರೆ ಬಿಸಿಲಿಗೆ ಮೈ ಸುಡುತ್ತದೆ ಎಂದ. ಅವನು ಮಾತಾಡುವಾಗ ತನ್ನ ಮುಖ ನೋಡಿಕೊಂಡು ಮಾತಾಡಿದ್ದು ತನಗೆ ಅಪರೂಪವೆನಿಸಿತು ಎಂದು ಡಾಲಿ ಬಹುಕಾಲದ ನಂತರ ನೆನಪಿಸಿಕೊಂಡರು. ಈ ಮಾತಿನ ಭಾರ ಹೆಂಗಸರಿಗೆ ಬೇಗ ಗೊತ್ತಾಗುತ್ತದೆ. ಗುರುತಿಲ್ಲದವನ ಜೊತೆ ಆಕೆ ಹೊರಗೆ ಹೋಗಲಿಲ್ಲ. ಬೇಕಾದರೆ ಮನೆಗೆ ಬಾ ಎಂದಳು. ಆಗ ಆಕೆ ಇದ್ದದ್ದು ಸೋದರಮಾವನ ಮನೆಯಲ್ಲಿ, ಮಗು ನೋಡಿಕೊಳ್ಳುತ್ತಾ. ಆತ ದಿನಾ ಬಂದು ಹೊರಗಿನ ಜಗಲಿಯಲ್ಲಿ ಕೂತು ಮಾತಾಡಿ ಹೋಗುತ್ತಿದ್ದ. ಕೊನೆಗೆ ಹೊರಗೆ ಕರೆದುಕೊಂಡು ಹೋದಾಗ ನೇರ ಹೋದದ್ದು ತನ್ನ ಅಪ್ಪ ಅಮ್ಮನ ಮನೆಗೆ.

ಎರಡು ವರ್ಷ ಕಳೆದು ಮದುವೆಯ ಮಾತು ಬಂದಾಗ ರೆಕಾರ್ಡ್ ಕಂಪನಿಯವರು ತಡೆದರು. ಹೊಸ ಗಾಯಕಿ, ಈಗ ಹೆಸರು ಬರುವ ಹೊತ್ತು, ಮದುವೆಯಾದರೆ ಮಾರುಕಟ್ಟೆ ಕೆಡುತ್ತದೆ, ಒಂದು ವರ್ಷ ತಡೆಯಿರಿ ಎಂದು ಅವರ ಸಲಹೆ. ನಮ್ಮ ಸಿನಿಮಾ ನಾಯಕಿಯರೂ ಕೇಳಿ ಕೇಳಿ ಸಾಕಾಗಿರುವ ಮಾತಿದು. ಡಾಲಿ ಎದುರಾಡಲಿಲ್ಲ, ಮಾತೂ ಕೇಳಲಿಲ್ಲ. ಟೆನ್ನೆಸ್ಸೀಯಲ್ಲಿ ಮದುವೆಯಾದರೆ ಪತ್ರಿಕೆಯವರಿಗೆ ಸುದ್ದಿ ಹೋಗುತ್ತದೆಂದು ಗಡಿ ದಾಟಿ ಜಾರ್ಜಿಯಾ ರಾಜ್ಯದ ರಿಂಗೋಲ್ಡ್ ಎಂಬ ಪುಟ್ಟ ಊರಿಗೆ ಹೋದರು. 1966ರ ಮೇ 30, ಸೋಮವಾರ. ಸರ್ಕಾರಿ ಕಚೇರಿಯಲ್ಲಿ ಸಹಿ ಹಾಕಿ ಮುಗಿಸಲು ಮನಸ್ಸೊಪ್ಪದೆ ಒಂದು ಚರ್ಚ್ ಹುಡುಕಿದರು. ಮಗಳಿಗಾಗಿ ಬಿಳಿಯ ಉಡುಪು ಹೊಲಿದು ತಂದಿದ್ದ ತಾಯಿ ಏವಿ ಲೀ ಒಬ್ಬರೇ ಮನೆ ಕಡೆಯವರು. ಉಳಿದವರು ಪಾದ್ರಿ ಮತ್ತು ಅವರ ಹೆಂಡತಿ. ಕಂಪನಿಗೆ ಈ ವಿಷಯ ತಿಳಿದದ್ದು ಆಮೇಲೆ ಯಾವಾಗಲೋ.

ಅದೇ ವರ್ಷ ಡಾಲಿ ತಮ್ಮ ಸೋದರಮಾವ ಬಿಲ್ ಓವೆನ್ಸ್ ಜೊತೆ ಸೇರಿ ಬರೆದ ಒಂದು ಹಾಡಿಗೆ ಪ್ರಶಸ್ತಿ ಬಂತು. ಪ್ರಶಸ್ತಿಯ ಔತಣಕ್ಕೆ ಗಂಡ ಹೆಂಡತಿ ಇಬ್ಬರೂ ಹೋದರು. ಕಾರ್ಲ್‌ಗೆ ಬಾಡಿಗೆಯ ಸೂಟು. ಊಟ, ಚಪ್ಪಾಳೆ, ಕೈಕುಲುಕುವಿಕೆ ಎಲ್ಲ ಮುಗಿಸಿ ವಾಪಸಾಗುವಾಗ ಆತ ಟೈ ಬಿಚ್ಚುತ್ತಾ ಹೇಳಿದ್ದನ್ನು ಡಾಲಿ ಮರೆತಿಲ್ಲ. ನಿನ್ನ ಕೆಲಸಕ್ಕೆ ನನ್ನ ಒಪ್ಪಿಗೆ ಯಾವಾಗಲೂ ಇದೆ, ಇಂಥ ಕಡೆಗೆ ಮಾತ್ರ ಇನ್ನು ನನ್ನನ್ನು ಕರೆಯಬೇಡ ಎಂದರಂತೆ. ಆಕೆ ಕರೆಯಲಿಲ್ಲ. ಆತ ಹೋಗಲೂ ಇಲ್ಲ. ನ್ಯಾಶ್‌ವಿಲ್‌ನಲ್ಲಿ ರಸ್ತೆಗೆ ಡಾಂಬರು ಹಾಕುವ ಗುತ್ತಿಗೆ ಕೆಲಸ ಆತನದು, ಅದನ್ನೇ ಮಾಡಿಕೊಂಡಿದ್ದರು. 1969ರಲ್ಲಿ ಹೆಂಡತಿಯ ‘ಮೈ ಬ್ಲೂ ರಿಡ್ಜ್ ಮೌಂಟನ್ ಬಾಯ್’ ಆಲ್ಬಂನ ಹೊದಿಕೆಯ ಮೇಲೆ ಒಮ್ಮೆ ಕಾಣಿಸಿಕೊಂಡದ್ದು ಬಿಟ್ಟರೆ ಸಾರ್ವಜನಿಕರ ಕಣ್ಣಿಗೆ ಬಿದ್ದದ್ದೇ ಕಡಿಮೆ. ಡಾಲಿಗೆ ನಿಜವಾಗಿಯೂ ಗಂಡ ಎಂಬೊಬ್ಬರಿದ್ದಾರೆಯೇ ಎಂದು ಪತ್ರಿಕೆಗಳು ದಶಕಗಟ್ಟಲೆ ಅನುಮಾನಪಟ್ಟವು. ಆ ಅನುಮಾನವನ್ನು ಡಾಲಿ ತಮಾಷೆಗೆ ಬಳಸಿಕೊಂಡರೇ ಹೊರತು ಆತನನ್ನು ಕರೆತಂದು ಸಾಕ್ಷಿ ಒದಗಿಸಲಿಲ್ಲ.

ಸಾಕ್ಷಿ ಒದಗಿಸುವ ಹಂಗು ಬೇಡವೆಂದದ್ದು ಇಬ್ಬರ ಒಪ್ಪಂದ. ಆದರೆ ಅದರ ಬೆಲೆ ಒಂದೇ ಸಮವಾಗಿ ಬೀಳಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಪ್ರಶಸ್ತಿ ಬಂದ ರಾತ್ರಿ ಪಕ್ಕದ ಕುರ್ಚಿಯಲ್ಲಿ ಗಂಡ ಇರಬೇಕು ಅನ್ನಿಸುವುದು ಸಹಜ. ಅದನ್ನು ಆಕೆ ಬಿಟ್ಟುಕೊಟ್ಟರು. ಹೆಂಡತಿ ತಿಂಗಳುಗಟ್ಟಲೆ ಬಸ್ಸಿನಲ್ಲಿ ಊರೂರು ತಿರುಗುವಾಗ ಮನೆಯಲ್ಲಿ ಒಬ್ಬನೇ ಉಳಿಯುವುದನ್ನು, ಹೆಂಡತಿಯ ಹೆಸರಿನಿಂದ ಗುರುತಿಸಿಕೊಳ್ಳುವುದನ್ನು ಆತ ನುಂಗಿಕೊಂಡರು. 1960ರ ದಶಕದ ಅಮೆರಿಕದ ದಕ್ಷಿಣದಲ್ಲಿ ಒಬ್ಬ ಗಂಡಸಿಗೆ ಅದು ಸಣ್ಣ ವಿಷಯವಾಗಿರಲಾರದು. ನಮ್ಮಲ್ಲಿ ಇವತ್ತಿಗೂ ಸಣ್ಣ ವಿಷಯವಲ್ಲ.

ಕಾರ್ಲ್ ಹೆಂಡತಿಯ ಹಾಡುಗಳ ದೊಡ್ಡ ಅಭಿಮಾನಿಯೇನೂ ಆಗಿರಲಿಲ್ಲ. ಅವರಿಗೆ ಹಿಡಿಸುತ್ತಿದ್ದುದು ಲೆಡ್ ಜೆಪೆಲಿನ್‌ನಂಥವರ ಅಬ್ಬರದ ರಾಕ್ ಸಂಗೀತ. 2023ರಲ್ಲಿ, ಎಪ್ಪತ್ತೇಳರ ವಯಸ್ಸಿನಲ್ಲಿ, ಡಾಲಿ ‘ರಾಕ್‌ಸ್ಟಾರ್’ ಎಂಬ ಆಲ್ಬಂ ತಂದಾಗ ಅದರಲ್ಲಿ ಗಂಡನಿಗೆ ಇಷ್ಟವಾದ ಹಾಡುಗಳೂ ಸೇರಿದವು. ಪಿಜನ್ ಫೋರ್ಜ್ ಊರಿನಲ್ಲಿ 1986ರಿಂದ ಆಕೆಯ ಹೆಸರಿನದೇ ‘ಡಾಲಿವುಡ್’ ಉದ್ಯಾನವಿದೆ. ಕಾರ್ಲ್ ಅಲ್ಲಿಗೆ ಹೋದರೆ ಎಲ್ಲರಂತೆ ಸಾಲಿನಲ್ಲಿ ನಿಂತು ಟಿಕೆಟ್ ಕೊಂಡು ಒಳಗೆ ಹೋಗುತ್ತಿದ್ದರಂತೆ; ಡಾಲಿಯ ಗಂಡ ಎಂದು ಪುಕ್ಕಟೆ ಬಿಟ್ಟುಕೊಳ್ಳುವುದು ಬೇಡ. ಬಿಡುವಿನ ದಿನಗಳಲ್ಲಿ ಇಬ್ಬರೂ ಮಲಗುವ ವ್ಯವಸ್ಥೆಯಿರುವ ಗಾಡಿ ಹತ್ತಿ ಸುತ್ತಮುತ್ತಲಿನ ಊರುಗಳಿಗೆ ಹೋಗಿ, ಗಾಡಿಯಲ್ಲೇ ಕೂತು ತಿಂಡಿ ತರಿಸಿಕೊಂಡು ತಿನ್ನುತ್ತಿದ್ದರು. ಬಂಗಾರದ ಬಣ್ಣದ ವಿಗ್ಗು, ಮಿರುಗುವ ಉಡುಪು, ಮೊಳದುದ್ದದ ಉಗುರು ಎಲ್ಲವನ್ನೂ ಜಗತ್ತಿಗೆ ತೆರೆದು ತೋರಿಸಿ, ನಾನು ಇದೆಲ್ಲ ಹಾಕಿಕೊಂಡದ್ದೇ ನೀವು ನೋಡಲೆಂದು ಎನ್ನುವ ಹೆಣ್ಣು, ಆ ಗಾಡಿಯನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಅದೇ ಸಂಗೀತಲೋಕದ ಇನ್ನೊಂದು ಸಂಸಾರವನ್ನು ಪಕ್ಕಕ್ಕಿಟ್ಟು ನೋಡಬೇಕು. ಜಾನಿ ಕ್ಯಾಶ್ 1956ರಲ್ಲಿ ‘ಐ ವಾಕ್ ದಿ ಲೈನ್’ ಹಾಡಿದರು. ಊರೂರು ತಿರುಗುವ ಗಂಡ ಮನೆಯಲ್ಲಿರುವ ಹೆಂಡತಿ ವಿವಿಯನ್‌ಗೆ ದಾರಿ ತಪ್ಪುವುದಿಲ್ಲ ಎಂದು ಕೊಟ್ಟ ಮಾತು ಅದು. ನಾಲ್ಕು ಹೆಣ್ಣುಮಕ್ಕಳಾದವು. ಕುಡಿತ, ಮಾತ್ರೆಗಳ ಚಟ, ತಿಂಗಳುಗಟ್ಟಲೆ ಗೈರುಹಾಜರಿ. 1966ರಲ್ಲಿ, ಡಾಲಿ ರಿಂಗೋಲ್ಡ್‌ನಲ್ಲಿ ಗುಟ್ಟಾಗಿ ಮದುವೆಯಾದ ಅದೇ ವರ್ಷ, ವಿವಿಯನ್ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಜಾನಿ ಆಮೇಲೆ ಗಾಯಕಿ ಜೂನ್ ಕಾರ್ಟರ್ ಅವರನ್ನು ಮದುವೆಯಾದರು. ಮದುವೆಯಾಗುತ್ತೀಯಾ ಎಂದು ಕೇಳಿದ್ದೂ ವೇದಿಕೆಯ ಮೇಲೇ, 1968ರ ಫೆಬ್ರುವರಿಯಲ್ಲಿ, ಕೆನಡಾದ ಒಂದು ಕಾರ್ಯಕ್ರಮದ ನಡುವೆ, ಸಾವಿರಾರು ಜನರೆದುರು. ಮಾರ್ಚ್ 1ಕ್ಕೆ ಮದುವೆ. ಅಲ್ಲಿಂದ ಮೂವತ್ತೈದು ವರ್ಷ ಇಬ್ಬರೂ ಒಂದೇ ಮೈಕಿನ ಮುಂದೆ ನಿಂತು ಹಾಡಿದರು. 2003ರ ಮೇ ತಿಂಗಳಲ್ಲಿ ಜೂನ್ ಹೋದರು, ಸೆಪ್ಟೆಂಬರಿನಲ್ಲಿ ಜಾನಿ.

ಅದೂ ದೊಡ್ಡ ದಾಂಪತ್ಯವೇ, ಅದರಲ್ಲಿ ಅನುಮಾನವಿಲ್ಲ. ಜನ ಚಪ್ಪಾಳೆ ತಟ್ಟಿ ಬೆಳೆಸಿದ ದಾಂಪತ್ಯ. ಆದರೆ ಹಾಡಿನಲ್ಲಿ ಮಾತು ಪಡೆದ ವಿವಿಯನ್‌ಗೆ ಆ ಮಾತು ಉಳಿಯಲಿಲ್ಲ, ಆ ಹಾಡು ಮಾತ್ರ ಉಳಿಯಿತು. ಅಂಗಡಿಯಲ್ಲಿ, ರೇಡಿಯೊದಲ್ಲಿ ಅದು ಕಿವಿಗೆ ಬಿದ್ದಾಗಲೆಲ್ಲ ಆಕೆಗೆ ಹೇಗಾಗುತ್ತಿತ್ತೋ. ಹಾಡು ಬರೆಯುವವರ ಮನೆಯಲ್ಲಿ ಬದುಕುವುದರ ಕಷ್ಟ ಇದು. ಒಂದು ಸಂಜೆಯ ಭಾವಕ್ಕೆ ಜೀವನಪೂರ್ತಿ ಸಾಕ್ಷಿ ಸಿಕ್ಕಿಬಿಡುತ್ತದೆ. ಭಾವ ಹೋದಮೇಲೂ ಸಾಕ್ಷಿ ಹೋಗುವುದಿಲ್ಲ.

ಡಾಲಿಯ ಮನೆಯ ಮಾತು ಹಾಡಿಗೆ ಬರಲೇ ಇಲ್ಲವೆಂದಲ್ಲ. ಮದುವೆಯಾಗಿ ಕೆಲವು ತಿಂಗಳಾದ ಮೇಲೆ ಕಾರ್ಲ್ ಒಂದು ಪ್ರಶ್ನೆ ಕೇಳಿದರು: ನನಗಿಂತ ಮುಂಚೆ ಬೇರೆ ಯಾರಾದರೂ ಇದ್ದರೇ? ಡಾಲಿ ಇದ್ದದ್ದನ್ನು ಇದ್ದಂತೆ ಹೇಳಿದರು. ಆತನಿಗೆ ಅದನ್ನು ಅರಗಿಸಿಕೊಳ್ಳಲು ಬಹಳ ದಿನ ಬೇಕಾಯಿತು. ಆ ಹೊತ್ತಿನಲ್ಲಿ ಹುಟ್ಟಿದ್ದು 1968ರ ‘ಜಸ್ಟ್ ಬಿಕಾಸ್ ಐಯಾಮ್ ಎ ವುಮನ್’. ಗಂಡಸು ಮಾಡಿದರೆ ಹುಡುಗಾಟ, ಹೆಂಗಸು ಮಾಡಿದರೆ ಕಳಂಕ ಎನ್ನುವ ನ್ಯಾಯವನ್ನು ಅದು ಏರುದನಿಯಿಲ್ಲದೆ ಪ್ರಶ್ನಿಸುತ್ತದೆ. ಆಕೆಯ ಎಲ್ಲ ಹಾಡುಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೇ. ‘ಜೋಲೀನ್’ನ ಕಲೆಗಾರಿಕೆ ಇದಕ್ಕಿಲ್ಲ, ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡಿನ ಕೀರ್ತಿಯಂತೂ ಇಲ್ಲವೇ ಇಲ್ಲ. ಆದರೆ ಅಡುಗೆಮನೆಯಲ್ಲಿ ನಡೆದ ಜಗಳವೊಂದನ್ನು ಹೊರಗೆ ತಂದರೂ ಇದು ಗಂಡನ ಮಾನ ಕಳೆಯುವುದಿಲ್ಲ. ಎದುರಿಗಿರುವವನು ತಿದ್ದಿಕೊಳ್ಳಬಲ್ಲ ಮನುಷ್ಯ ಎಂಬ ನಂಬಿಕೆಯಿಂದ ಹೇಳಿದ ಮಾತಿನ ಹದ ಅದರಲ್ಲಿದೆ. ಆತ ತಿದ್ದಿಕೊಂಡರು ಎಂಬುದಕ್ಕೆ ಆಮೇಲಿನ ಅರ್ಧ ಶತಮಾನವಿದೆ.

ಮಕ್ಕಳಾಗಲಿಲ್ಲ. ಮದುವೆಯಾಗಿ ವರ್ಷ ತುಂಬುವುದರೊಳಗೆ ‘ಏನೂ ವಿಶೇಷ ಇಲ್ವಾ?’ ಎಂದು ಕೇಳುವವರು ನಮ್ಮ ಬೀದಿಯಲ್ಲಷ್ಟೇ ಇದ್ದಾರೆಂದುಕೊಳ್ಳಬೇಡಿ. ಡಾಲಿಯನ್ನೂ ಸಂದರ್ಶನಕಾರರು ಇದೇ ಪ್ರಶ್ನೆಯಿಂದ ಕಾಡಿದರು. ಮೊದಲು ಇಬ್ಬರಿಗೂ ಮಕ್ಕಳ ಆಸೆಯಿತ್ತು, ಹೆಸರುಗಳನ್ನೂ ಯೋಚಿಸಿಟ್ಟಿದ್ದರು. 1980ರ ದಶಕದಲ್ಲಿ ಗರ್ಭಕೋಶದ ಶಸ್ತ್ರಚಿಕಿತ್ಸೆಯಾಗಿ ಆ ಬಾಗಿಲು ಮುಚ್ಚಿತು. ಆಗ ಆಕೆ ಗಾಢವಾದ ಖಿನ್ನತೆಗೆ ಇಳಿದಿದ್ದರು.

ಆದರೆ ಆ ಮನೆಯಲ್ಲಿ ಮಕ್ಕಳ ಗಲಾಟೆ ಇರಲೇ ಇಲ್ಲವೆನ್ನುವುದು ಸುಳ್ಳು. ಡಾಲಿ ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಮನೆಗೊಂದು ಕೂಸು ಬಂದಾಗ ತಾಯಿ ಅದನ್ನು ದೊಡ್ಡ ಮಕ್ಕಳಲ್ಲಿ ಒಬ್ಬರ ಮಡಿಲಿಗೆ ಹಾಕಿ, ಇದು ನಿನ್ನದು ಎನ್ನುತ್ತಿದ್ದರು. ಹೀಗೆ ಡಾಲಿಗೆಂದು ಮೀಸಲಾಗಿದ್ದ ತಮ್ಮ ಲ್ಯಾರಿ 1955ರಲ್ಲಿ ಹುಟ್ಟಿದ ಬೆನ್ನಿಗೇ ತೀರಿಕೊಂಡ. ಒಂಬತ್ತು ವರ್ಷದ ಹುಡುಗಿಗೆ ಅದು ತನ್ನ ಮಗುವೇ ಹೋದ ಹಾಗೆ. ಮುಂದೆ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಚಿಕ್ಕ ತಂಗಿ ತಮ್ಮಂದಿರಲ್ಲಿ ಕೆಲವರು ನ್ಯಾಶ್‌ವಿಲ್‌ಗೆ ಬಂದು ಅಕ್ಕ ಭಾವನ ಮನೆಯಲ್ಲೇ ಬೆಳೆದರು. ಹೊಸದಾಗಿ ಮದುವೆಯಾದವರ ಮನೆಗೆ ಹೆಂಡತಿಯ ಕಡೆಯ ಮಕ್ಕಳು ಬಂದು ಇರುವುದೆಂದರೆ ಏನೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಕಾರ್ಲ್ ಅದಕ್ಕೆ ಒಂದು ಮಾತು ಆಡಿದರೆಂದು ಎಲ್ಲೂ ಕೇಳಿಬಂದಿಲ್ಲ. ಆ ತಂಗಿ ತಮ್ಮಂದಿರ ಮಕ್ಕಳು ಮುಂದೆ ಡಾಲಿಯನ್ನು ‘ಆಂಟ್ ಗ್ರಾನಿ’ ಎಂದರು, ಅರ್ಧ ಅತ್ತೆ, ಅರ್ಧ ಅಜ್ಜಿ.

ಡಾಲಿಯ ಅಪ್ಪ ರಾಬರ್ಟ್ ಲೀ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಹೊಗೆಸೊಪ್ಪು ಬೆಳೆದು ಅಷ್ಟು ಮಕ್ಕಳನ್ನು ಸಾಕಿದ ಮನುಷ್ಯನಿಗೆ ಅದೊಂದು ನಾಚಿಕೆ ಜೀವನವಿಡೀ ಕಾಡಿತು. ಆ ಅಪ್ಪನ ಗೌರವಕ್ಕೆಂದು 1995ರಲ್ಲಿ ಡಾಲಿ ತಮ್ಮ ಹುಟ್ಟೂರಿನ ಸೆವಿಯರ್ ಕೌಂಟಿಯಲ್ಲಿ ‘ಇಮ್ಯಾಜಿನೇಷನ್ ಲೈಬ್ರರಿ’ ಶುರು ಮಾಡಿದರು. ಮಗು ಹುಟ್ಟಿದಂದಿನಿಂದ ಐದು ವರ್ಷ ತುಂಬುವವರೆಗೆ ತಿಂಗಳಿಗೊಂದು ಪುಸ್ತಕ, ಮಗುವಿನ ಹೆಸರಿಗೇ ಅಂಚೆಯಲ್ಲಿ, ಉಚಿತವಾಗಿ. ಈಗ ಅದು ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಐರ್ಲೆಂಡ್‌ಗೂ ಹಬ್ಬಿದೆ. 2023ರ ಹೊತ್ತಿಗೆ ಹೀಗೆ ಹೋದ ಪುಸ್ತಕಗಳ ಸಂಖ್ಯೆ 20 ಕೋಟಿ ದಾಟಿತು. ಮಕ್ಕಳು ಆಕೆಯನ್ನು ‘ಬುಕ್ ಲೇಡಿ’ ಎಂದು ಕರೆಯುವುದನ್ನು ಅಪ್ಪ 2000ದಲ್ಲಿ ಸಾಯುವ ಮುಂಚೆ ಕೇಳಿಸಿಕೊಂಡರು. ತನ್ನ ಹಾಡಿನ ಕೀರ್ತಿಗಿಂತ ಅಪ್ಪನಿಗೆ ಇದೇ ಹೆಚ್ಚು ಹೆಮ್ಮೆಯಾಗಿತ್ತು ಎಂದು ಮಗಳು ಹೇಳುತ್ತಾರೆ. ಮಕ್ಕಳಿಲ್ಲದ ಮನೆಯ ವಾತ್ಸಲ್ಯಕ್ಕೆ ಸಿಕ್ಕ ದಾರಿಯಿದು ಎಂದು ಬಿಡುವುದು ಸುಲಭ. ನನಗೇನೋ ಅದು ಸರಿಯೆನಿಸುವುದಿಲ್ಲ. ಮಕ್ಕಳಿದ್ದರೂ ಆಕೆ ಇದನ್ನು ಮಾಡುತ್ತಿದ್ದರು; ಇದರ ಬೇರು ಅಪ್ಪನ ನಾಚಿಕೆಯಲ್ಲಿದೆ.

2016ರಲ್ಲಿ ಮದುವೆಗೆ ಐವತ್ತು ತುಂಬಿತು. ಮೊದಲ ಸಲ ಗುಟ್ಟಾಗಿ ಆದದ್ದರಿಂದ ಮದುಮಗಳ ಸಡಗರವೇ ಸಿಕ್ಕಿರಲಿಲ್ಲವಲ್ಲ. ಈ ಸಲ ಡಾಲಿ ಆಸೆಪಟ್ಟು ದೊಡ್ಡ ನಿರಿಗೆಯ ಉಡುಪು ತೊಟ್ಟು, ಗಂಡನ ಜೊತೆ ಮತ್ತೆ ಪ್ರಮಾಣ ಮಾಡಿದರು. ಅದೂ ತಮ್ಮದೇ ಜಾಗದಲ್ಲಿ, ತೀರಾ ಹತ್ತಿರದವರ ನಡುವೆ. ಹಾಡುಗಾರ್ತಿಯ ಐವತ್ತನೆಯ ವಾರ್ಷಿಕೋತ್ಸವವನ್ನು ಟಿವಿಯಲ್ಲಿ ನೇರ ಪ್ರಸಾರ ಮಾಡಲು ದುಡ್ಡು ಸುರಿಯುವವರಿಗೇನೂ ಕೊರತೆಯಿರಲಿಲ್ಲ. ಜನಕ್ಕೆ ಸಿಕ್ಕಿದ್ದು ಆ ವರ್ಷದ ‘ಪ್ಯೂರ್ ಅಂಡ್ ಸಿಂಪಲ್’ ಆಲ್ಬಂ.

ಕಾರ್ಲ್ ಹೋದ ನಾಲ್ಕನೆಯ ದಿನ, 2025ರ ಮಾರ್ಚ್ 7ರಂದು, ಡಾಲಿ ‘ಇಫ್ ಯೂ ಹ್ಯಾಡ್‌ನ್ಟ್ ಬೀನ್ ದೇರ್’ ಎಂಬ ಹಾಡನ್ನು ಹೊರತಂದರು. ಇಷ್ಟು ಬೇಗವೇ ಎಂದು ಹುಬ್ಬೇರಿಸಿದವರೂ ಇದ್ದಾರು. ಹದಿನೆಂಟನೆಯ ವಯಸ್ಸಿನಿಂದ ಸಂಕಟ ಬಂದಾಗೆಲ್ಲ ಹಾಡನ್ನೇ ಹಿಡಿದವರಿಗೆ ಅಂಥ ದಿನ ಬೇರೆ ಏನು ಹಿಡಿಯಲು ಬರುತ್ತದೆ? ನೀನಿಲ್ಲದಿದ್ದರೆ ನಾನು ಇಲ್ಲಿಗೆ ಮುಟ್ಟುತ್ತಿರಲಿಲ್ಲ ಎಂಬ ಋಣದ ಮಾತು ಅದು. ಪೋರ್ಟರ್‌ಗೆ 1973ರಲ್ಲೇ ಸಂದದ್ದು ಗಂಡನಿಗೆ ಹೀಗೆ ಬಹಿರಂಗವಾಗಿ ಸಂದದ್ದು ಆತ ಕೇಳಿಸಿಕೊಳ್ಳಲಾರದ ಮೇಲೆ. ಇದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಆತ ಚಪ್ಪಾಳೆಯ ನಡುವೆ ಕೇಳಿಸಿಕೊಳ್ಳಲು ಇಷ್ಟಪಡದವರು, ಮತ್ತು ಮನೆಯೊಳಗೆ ಏನೇನು ಕೇಳಿಸಿಕೊಂಡಿದ್ದರು ಎಂಬುದು ನಮಗೆ ಸೇರಿದ್ದಲ್ಲ.

ಸಾವಿನ ಸುದ್ದಿ ತಿಳಿಸಿದ ಪ್ರಕಟಣೆ ಚಿಕ್ಕದು. ಅಂತ್ಯಕ್ರಿಯೆಗೆ ಹತ್ತಿರದ ಮನೆಯವರು ಮಾತ್ರ ಇರುತ್ತಾರೆ ಎಂದಿತ್ತು, ಕುಟುಂಬವನ್ನು ಅದರ ಪಾಡಿಗೆ ಬಿಡಿ ಎಂಬ ಕೋರಿಕೆಯಿತ್ತು.